ಕಾಂಡೋಮ್, ಲೂಬ್ರಿಕೆಂಟ್ ಮಾರುವ ಸೈಟ್‌ನ ಅಫಿಲಿಯೇಟ್‌ಗಳಿಗೆ ಏನೇನು ಕಟ್ಟುಪಾಡು ಹಾಕಬೇಕು?

ಅಶೋಕ_ರಸ್ತೆ_ವೆಬ್ (ತುಮಕೂರು):
ಎಲ್ಲರಿಗೂ ನಮಸ್ಕಾರ. ತುಮಕೂರಿನ ಒಬ್ಬ ವ್ಯಾಪಾರಿ ಕಾಂಡೋಮ್, ಲೂಬ್ರಿಕೆಂಟ್, ಮಸಾಜರ್ ಮಾರುವ ಆನ್‌ಲೈನ್ ಅಂಗಡಿ ನಡೆಸುತ್ತಿದ್ದಾರೆ. ಅಫಿಲಿಯೇಟ್ ಕಾರ್ಯಕ್ರಮ (ತಮ್ಮ ಲಿಂಕ್ ಮೂಲಕ ಗಿರಾಕಿ ತಂದವರಿಗೆ ಕಮಿಷನ್ ಕೊಡುವುದು) ಶುರು ಮಾಡಬೇಕಂತೆ, ಷರತ್ತು ಬರೆದುಕೊಡುವ ಕೆಲಸ ನಮಗೆ ಬಂದಿದೆ. ಕಮಿಷನ್ 12%, ಕುಕಿ ಅವಧಿ (ಲಿಂಕ್ ಒತ್ತಿದ ಮೇಲೆ ಎಷ್ಟು ದಿನದೊಳಗೆ ಕೊಂಡರೆ ಕಮಿಷನ್ ಅನ್ನುವುದು) 30 ದಿನ ಅಂದುಕೊಂಡಿದ್ದೇವೆ. ಅರ್ಜಿ ಹಾಕಿದವರಲ್ಲಿ ಕನ್ನಡದಲ್ಲಿ ಆರೋಗ್ಯದ ಬಗ್ಗೆ ಬರೆಯುವವರಿದ್ದಾರೆ, ಕೂಪನ್ ಸೈಟ್‌ನವರಿದ್ದಾರೆ, ಟೆಲಿಗ್ರಾಂ ಚಾನೆಲ್‌ನವರೂ ಇದ್ದಾರೆ. ಚಾನೆಲ್‌ನವರ ಸದಸ್ಯರ ಸಂಖ್ಯೆ ದೊಡ್ಡದು, ಆದರೆ ಒಳಗೆ ನೋಡಿದರೆ ಯಾರ್ಯಾರದೋ ಇನ್‌ಸ್ಟಾಗ್ರಾಂನಿಂದ ಎತ್ತಿದ ಹುಡುಗಿಯರ ಫೋಟೊಗಳು. ಹೊರದೇಶದ ಅಡಲ್ಟ್ ಸೈಟ್‌ಗಳು ಅಫಿಲಿಯೇಟ್‌ಗಳಿಗೆ ಕೊಡುವ ಷರತ್ತುಗಳನ್ನೇ ಕನ್ನಡಕ್ಕೆ ತಂದರೆ ಸಾಕಾಗುತ್ತದೆಯೇ?

ಷರತ್ತು_ಪತ್ರ:
ಸಾಕಾಗಲ್ಲ ಸರ್. ಅಮೆರಿಕದ ಅಡಲ್ಟ್ ಸೈಟ್‌ಗಳ ಷರತ್ತು ಅಲ್ಲಿನ ಕಾನೂನಿಗೆ ಹೊಂದಿಸಿ ಬರೆದದ್ದು. ನಟಿಸಿದವರ ವಯಸ್ಸಿನ ದಾಖಲೆ ಇಡಬೇಕು ಅನ್ನುವ 2257ನೇ ಕಲಂ, ಜಾಹೀರಾತು ಇಮೇಲ್‌ಗಳಿಗೆ ನಿಯಮ ಹಾಕುವ 2003ರ ಕ್ಯಾನ್-ಸ್ಪ್ಯಾಮ್ ಕಾಯ್ದೆ, ಇಮೇಲ್ ವಿಷಯದ ಸಾಲಿನಲ್ಲೇ ಲೈಂಗಿಕ ವಿಷಯ ಎಂದು ಸೂಚಿಸಬೇಕು ಅನ್ನುವ ನಿಯಮ, ಎಲ್ಲ ಅಲ್ಲಿಯದು. ನಮ್ಮಲ್ಲಿ ಲೆಕ್ಕವೇ ಬೇರೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೇ ಕಲಂ ಅಶ್ಲೀಲ ವಿಷಯ ಪ್ರಕಟಿಸುವವರನ್ನಷ್ಟೇ ಅಲ್ಲ, ಪ್ರಕಟಿಸಲು ಕಾರಣರಾದವರನ್ನೂ ಹಿಡಿಯುತ್ತದೆ. ಮೊದಲ ಸಲ 3 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಲೈಂಗಿಕ ಕ್ರಿಯೆಯೇ ಇದ್ದರೆ 67ಎ: 5 ವರ್ಷ, 10 ಲಕ್ಷ. ಅಶ್ಲೀಲ ಚಾನೆಲ್‌ಗೆ ನಿಮ್ಮ ವ್ಯಾಪಾರಿ ಕಮಿಷನ್ ಕೊಡುತ್ತಿದ್ದರೆ "ನಮಗೂ ಅದಕ್ಕೂ ಸಂಬಂಧವಿಲ್ಲ" ಎನ್ನುವುದು ಕಷ್ಟ.

ಆದರೆ ನಿಯಮ ಬರೆಯಲು ಜೈಲಿನ ಭಯವೊಂದೇ ಕಾರಣ ಆಗಬಾರದು. ಆ ಚಾನೆಲ್‌ನಲ್ಲಿರುವ ಫೋಟೊ ಯಾರದೋ ಮನೆ ಮಗಳದು. ಅವಳ ಒಪ್ಪಿಗೆ ಇಲ್ಲದ ಚಿತ್ರ ತೋರಿಸಿ ತಂದ ಆರ್ಡರ್ ನಿಮಗೆ ಬೇಡವೇ ಬೇಡ. ಷರತ್ತಿನ ಮೊದಲ ಸಾಲು ಹೀಗಿರಲಿ: "ಅಂಗಡಿ ಕೊಟ್ಟ ಚಿತ್ರಗಳನ್ನು ಮಾತ್ರ ಬಳಸಬೇಕು. ಬೇರೆ ಯಾವುದೇ ವ್ಯಕ್ತಿಯ ಚಿತ್ರ ಬಳಸುವುದಾದರೆ ಆ ವ್ಯಕ್ತಿಯ ಲಿಖಿತ ಒಪ್ಪಿಗೆಯನ್ನು ಮೊದಲೇ ಸಲ್ಲಿಸಬೇಕು." ಎಐನಿಂದ ಮಾಡಿದ ಮುಖಕ್ಕೂ ಇದೇ ನಿಯಮ ಅಂತ ಬಿಡಿಸಿ ಬರೆಯಿರಿ, ಇಲ್ಲದಿದ್ದರೆ ಅದೇ ನೆಪವಾಗುತ್ತದೆ.

ದೂರು ಬಂದರೆ ಮೊದಲು ಲಿಂಕ್ ನಿಲ್ಲಿಸಿ, ವಿಚಾರಣೆ ಆಮೇಲೆ. ದೂರು ಕೊಟ್ಟವರಿಗೆ ಕೇಂದ್ರದ ಸೈಬರ್ ಕ್ರೈಂ ಪೋರ್ಟಲ್ ತಿಳಿಸಿ. ಮಹಿಳೆಯರು, ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಒಂದು ಎಚ್ಚರ: ಚಿತ್ರದಲ್ಲಿರುವವರು 18 ತುಂಬದವರು ಅನ್ನಿಸಿದರೆ ಸಾಕ್ಷಿಗೆಂದು ಸ್ಕ್ರೀನ್‌ಶಾಟ್ ತೆಗೆದಿಡಬೇಡಿ. 67ಬಿ ಪ್ರಕಾರ ಅಂಥದ್ದನ್ನು ಡೌನ್‌ಲೋಡ್ ಮಾಡುವುದು, ಸಂಗ್ರಹಿಸುವುದು ಕೂಡ ಅಪರಾಧ. ಚಾನೆಲ್ ವಿಳಾಸ, ನೋಡಿದ ದಿನಾಂಕ, ಸಮಯ ಬರೆದುಕೊಂಡು ಪೊಲೀಸರಿಗೆ ಕೊಡಿ.

ಕನ್ನಡ_ಕಾಪಿ:
ಬಸ್ ಸ್ಟ್ಯಾಂಡ್ ಗೋಡೆಗಳ ಮೇಲಿನ "ಗುಪ್ತರೋಗಕ್ಕೆ ಗ್ಯಾರಂಟಿ ಚಿಕಿತ್ಸೆ" ಭಾಷೆ ಅಫಿಲಿಯೇಟ್ ಪೋಸ್ಟ್‌ಗಳಲ್ಲಿ ಬಂದೇ ಬರುತ್ತೆ, ಈಗಲೇ ತಡೀರಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ 3ನೇ ಕಲಂ ಪ್ರಕಾರ ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೆ ಅಂತ ಯಾವ ಔಷಧಕ್ಕೂ ಜಾಹೀರಾತು ಕೊಡೋ ಹಾಗಿಲ್ಲ. ಆ ಜಾಹೀರಾತಿನಲ್ಲಿ ಯಾವುದೇ ಪಾಲು ತಗೊಂಡವರೂ ತಪ್ಪಿತಸ್ಥರೇ. ಮಾತ್ರೆ, ಎಣ್ಣೆ, ಲೇಹ್ಯ ಏನಾದರೂ ಪಟ್ಟಿಯಲ್ಲಿದ್ದರೆ ಅವನ್ನ ಅಫಿಲಿಯೇಟ್ ಲಿಂಕ್‌ನಿಂದಲೇ ತೆಗೆದುಬಿಡಿ. "ಗ್ಯಾರಂಟಿ", "ಶಕ್ತಿ", "7 ದಿನದಲ್ಲಿ" ಇವು ನಿಷಿದ್ಧ ಪದ ಅಂತ ಪಟ್ಟಿ ಕೊಡಿ. ಕಾಂಡೋಮ್‌ಗೆ ಅಳತೆ, ವಸ್ತು, ಮುಗಿಯೋ ದಿನಾಂಕ ಇಷ್ಟು ಹೇಳಿದ್ರೆ ಸಾಕು. ಎಣ್ಣೆ ಆಧಾರಿತ ಲೂಬ್ರಿಕೆಂಟ್ ಲ್ಯಾಟೆಕ್ಸ್ ಕಾಂಡೋಮ್ ಜೊತೆ ಬಳಸಬಾರದು, ಹರಿಯುತ್ತೆ ಅನ್ನೋ ಮಾತು ಎರಡನ್ನೂ ಸೇರಿಸಿ ಮಾರೋ ಪ್ರತಿ ಪುಟದಲ್ಲೂ ಇರಲೇಬೇಕು.

ಮತ್ತೆ "ಜಾಹೀರಾತು" ಅನ್ನೋ ಪದ ಪೋಸ್ಟ್‌ನ ಮೊದಲ ಎರಡು ಸಾಲಲ್ಲೇ ಬರಬೇಕು. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐನ 2021ರ ಮಾರ್ಗಸೂಚಿ ಪ್ರಕಾರ ಆ ಗುರುತು ಕಣ್ಣಿಗೆ ಎದ್ದು ಕಾಣೋ ಹಾಗಿರಬೇಕು. "ಇನ್ನಷ್ಟು ನೋಡಿ" ಒತ್ತಿದ ಮೇಲೆ ಕಾಣೋ ಹ್ಯಾಶ್‌ಟ್ಯಾಗ್ ಲೆಕ್ಕಕ್ಕಿಲ್ಲ.

ಕ್ಲಿಕ್_ಲೆಕ್ಕ:
ಮೇಲಿನವರು ಹೇಳಿದ್ದು ಸರಿ, ಆದರೆ ನಿಯಮ ಮುರಿದವರು ನಿಮ್ಮ ಕಣ್ಣಿಗೆ ಬೀಳಬೇಕಲ್ಲ, ಅದಕ್ಕೆ ತಾಂತ್ರಿಕ ವ್ಯವಸ್ಥೆ ಬೇಕು.

ಒಬ್ಬ ಅಫಿಲಿಯೇಟ್‌ಗೆ ಒಂದೇ ಲಿಂಕ್ ಕೊಡಬೇಡಿ. ಬ್ಲಾಗ್, ಟೆಲಿಗ್ರಾಂ, ವಾಟ್ಸಾಪ್, ಹೀಗೆ ಜಾಗಕ್ಕೊಂದು ಉಪಸಂಕೇತ ಕೊಡಿ. ಘೋಷಿಸದ ಜಾಗದಿಂದ ಬಂದ ಕ್ಲಿಕ್‌ಗೆ ಕಮಿಷನ್ ಇಲ್ಲ ಅಂತ ಷರತ್ತಿನಲ್ಲೇ ಬರೆಯಿರಿ. ಅಫಿಲಿಯೇಟ್ ತನ್ನ ಕೆಳಗೆ ಇನ್ನೊಬ್ಬರನ್ನು ಹಚ್ಚುವಂತಿಲ್ಲ. ಎಡವಟ್ಟು ಹೆಚ್ಚಾಗಿ ಆಗುವುದು ಆ ಎರಡನೇ ಕೈಯಲ್ಲೇ.

ಕಾಣದ ಐಫ್ರೇಮ್‌ನಲ್ಲಿ (ಒಂದು ಪುಟದೊಳಗೆ ಅಡಗಿಸಿದ ಇನ್ನೊಂದು ಪುಟ) ನಿಮ್ಮ ಲಿಂಕ್ ತೆರೆದು, ಯಾರೂ ಒತ್ತದೆಯೇ ಕುಕಿ ತುರುಕುವುದು ಹಳೆಯ ಮೋಸ. ಕುಕಿಗೆ ಸೇಮ್‌ಸೈಟ್ ಲ್ಯಾಕ್ಸ್ (ಬೇರೆ ಸೈಟ್‌ನೊಳಗಿಂದ ಕುಕಿ ಹಾಕುವುದನ್ನು ತಡೆಯುವ ಸೆಟ್ಟಿಂಗ್) ಇಟ್ಟರೆ ಅದು ಕೂರುವುದಿಲ್ಲ. ಪಾಪ್-ಅಂಡರ್ (ನೋಡುತ್ತಿರುವ ಪುಟದ ಹಿಂದೆ ತಾನಾಗಿ ತೆರೆಯುವ ಕಿಟಕಿ) ಮಾತ್ರ ಇದರಿಂದ ನಿಲ್ಲುವುದಿಲ್ಲ, ಅದು ಸಾಮಾನ್ಯ ಪುಟದಂತೆಯೇ ತೆರೆದುಕೊಳ್ಳುತ್ತದೆ. ಸಾವಿರಾರು ಕ್ಲಿಕ್, ಒಬ್ಬರೂ ಸ್ಕ್ರೋಲ್ ಮಾಡಿಲ್ಲ, ಆದರೂ ವಾರ ಬಿಟ್ಟು ನೇರವಾಗಿ ಸೈಟ್ ಹೆಸರು ಟೈಪ್ ಮಾಡಿ ಬಂದವರ ಆರ್ಡರ್ ಅವನ ಖಾತೆಗೆ ಜಮೆ ಅಂದರೆ ಅನುಮಾನವೇ ಬೇಡ. ನನ್ನ ಪ್ರಕಾರ 30 ದಿನದ ಕುಕಿ ಜಾಸ್ತಿ, 7 ದಿನ ಸಾಕು.

ಗೂಗಲ್‌ನಲ್ಲಿ ಅಂಗಡಿಯ ಹೆಸರನ್ನೇ ಹುಡುಕುವವರಿಗೆ ತಮ್ಮ ಲಿಂಕ್‌ನ ಜಾಹೀರಾತು ತೋರಿಸಿ ಕಮಿಷನ್ ಹೊಡೆಯುವ ಅಫಿಲಿಯೇಟ್‌ಗಳು ತುಮಕೂರು, ಬೆಂಗಳೂರು ಎರಡನ್ನೂ ಬಿಟ್ಟು ಹಾಕಿರುತ್ತಾರೆ. ನಿಮ್ಮ ಆಫೀಸಿನಿಂದ ಹುಡುಕಿದರೆ ಏನೂ ಕಾಣಲ್ಲ. ರಾತ್ರಿ 11ರ ಮೇಲೆ ಹುಬ್ಬಳ್ಳಿಯ ಪರಿಚಯದವರಿಂದ ಹುಡುಕಿಸಿ, ಗೂಗಲ್‌ನ ಜಾಹೀರಾತು ಪಾರದರ್ಶಕತೆ ಪುಟವನ್ನೂ ನೋಡಿ.

ಇದೆಲ್ಲಕ್ಕಿಂತ ಮುಖ್ಯವಾದ ಎರಡು ವಿಷಯ. ಒಂದು, ಕ್ಯಾಶ್ ಆನ್ ಡೆಲಿವರಿ (ಸಿಒಡಿ). ಆರ್ಡರ್ ಬಿದ್ದ ಕೂಡಲೇ ಕಮಿಷನ್ ಎಂದಿದ್ದರೆ ಸಿಕ್ಕ ಹೆಸರು, ವಿಳಾಸಕ್ಕೆ ಸುಳ್ಳು ಆರ್ಡರ್ ಹಾಕುತ್ತಾರೆ. ಬೇರೆ ಸಾಮಾನಾದರೆ ಪಾರ್ಸೆಲ್ ವಾಪಸ್, ಅಷ್ಟೆ. ಇಲ್ಲಿ ಕೇಳದೇ ಇದ್ದ ಹೆಣ್ಣುಮಗಳ ಮನೆ ಬಾಗಿಲಿಗೆ, ಅತ್ತೆ ಮಾವನ ಎದುರಿಗೆ ಪೆಟ್ಟಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಒಟಿಪಿ ಇಲ್ಲದೆ ಸಿಒಡಿ ಬೇಡ. ಡೆಲಿವರಿ ಆಗಿ, ವಾಪಸ್ ಅವಧಿ ಮುಗಿದ ಮೇಲಷ್ಟೇ ಕಮಿಷನ್ ಪಕ್ಕಾ. 45 ದಿನ ಹಿಡಿದಿಡಿ.

ಎರಡು, ಬೆನ್ನಟ್ಟುವ ಜಾಹೀರಾತು. ಅಫಿಲಿಯೇಟ್‌ಗಳು ತಮ್ಮ ರೀಮಾರ್ಕೆಟಿಂಗ್ ಪಿಕ್ಸೆಲ್ (ಯಾರು ಏನು ನೋಡಿದರು ಅಂತ ಗುರುತಿಟ್ಟು, ಆಮೇಲೆ ಅದೇ ಜಾಹೀರಾತು ತೋರಿಸುವ ಕೋಡ್) ಹಾಕುವುದನ್ನು ಪೂರ್ತಿ ನಿಷೇಧಿಸಿ. ಎಷ್ಟೋ ಮನೆಗಳಲ್ಲಿ ಇರುವುದು ಒಂದೇ ಫೋನ್. ರಾತ್ರಿ ಅಪ್ಪ ನೋಡಿದ ಸಾಮಾನಿನ ಜಾಹೀರಾತು ಬೆಳಗ್ಗೆ ಮಗ ಪಾಠ ನೋಡುವಾಗ ಮೇಲೆ ಬರುತ್ತದೆ. ಅಫಿಲಿಯೇಟ್ ಡ್ಯಾಶ್‌ಬೋರ್ಡ್‌ನಲ್ಲಿ ಕಾಣಬೇಕಾದ್ದು ಆರ್ಡರ್ ಸಂಖ್ಯೆ, ಮೊತ್ತ, ಸ್ಥಿತಿ, ಮೂರೇ. ಸಾಮಾನಿನ ಹೆಸರು, ಊರು, ಪಿನ್‌ಕೋಡ್ ಏನೂ ಬೇಡ. ಹಳ್ಳಿಯ ಪಿನ್‌ಕೋಡ್ ಕೊಟ್ಟರೆ ಅರ್ಧ ಗುರುತು ಸಿಕ್ಕಂತೆಯೇ.

ಅಶೋಕ_ರಸ್ತೆ_ವೆಬ್ (ತುಮಕೂರು):
ತುಂಬಾ ಉಪಯೋಗವಾಯ್ತು, ಎಲ್ಲರಿಗೂ ಧನ್ಯವಾದ. ತಪ್ಪು ಮಾಡಿದವರಿಗೆ ಎಷ್ಟು ಅವಕಾಶ ಕೊಡಬೇಕು? ಮೂರು ಎಚ್ಚರಿಕೆ ಅಂತ ಬರೆಯಲೇ?

ಷರತ್ತು_ಪತ್ರ:
ಎಲ್ಲಕ್ಕೂ ಒಂದೇ ಅಳತೆ ಬೇಡ. "ಜಾಹೀರಾತು" ಎಂಬ ಗುರುತು ಬಿಟ್ಟಿದ್ದರೆ 48 ಗಂಟೆ ಕೊಡಿ, ಸರಿಪಡಿಸಿದರೆ ಮುಗೀತು. ಅಂಗಡಿ ಹೆಸರಿನ ಮೇಲೆ ಗೂಗಲ್ ಜಾಹೀರಾತು ಹಾಕಿದರೆ ಆ ತಿಂಗಳ ಕಮಿಷನ್ ರದ್ದು, ಎರಡನೇ ಸಲ ಹೊರಗೆ. ಒಪ್ಪಿಗೆಯಿಲ್ಲದ ಚಿತ್ರ, 18 ತುಂಬದವರ ಗುಂಪಿಗೆ ಪ್ರಚಾರ, ಸುಳ್ಳು ಸಿಒಡಿ: ಇವಕ್ಕೆ ಎಚ್ಚರಿಕೆಯೇ ಇಲ್ಲ, ಅದೇ ದಿನ ಖಾತೆ ಬಂದ್, ಬಾಕಿ ಹಣವೂ ಇಲ್ಲ. ಹಣ ತಡೆಯುವ ಹಕ್ಕು ಷರತ್ತಿನಲ್ಲಿ ಮೊದಲೇ ಇರಬೇಕು, ಆಮೇಲೆ ಸೇರಿಸಿದರೆ ತಕರಾರು ಎದ್ದೇ ಏಳುತ್ತದೆ. ಹಾಗೇ ವ್ಯಾಪಾರಿಯೂ ಬಾಯಿಗೆ ಬಂದಂತೆ ಕಮಿಷನ್ ಕತ್ತರಿಸಬಾರದು: ಯಾವ ಲಿಂಕ್, ಯಾವ ದಿನ, ಯಾವ ನಿಯಮ ಅಂತ ಬರಹದಲ್ಲಿ ಕೊಟ್ಟು, ಉತ್ತರಿಸಲು 7 ದಿನ ಬಿಡಲಿ.

ಆ ಟೆಲಿಗ್ರಾಂ ಅರ್ಜಿಗಳನ್ನು ಇವತ್ತೇ ತಿರಸ್ಕರಿಸಿ, ಕಾರಣವನ್ನೂ ಬರೆದು ಕಳಿಸಿ.