ನ್ಯೂಟ್ರಲ್ ಇಲ್ಲದ ಬೋರ್ಡಿಗೆ ಸ್ಮಾರ್ಟ್ ಸ್ವಿಚ್: ಆಫ್ ಮಾಡಿದರೂ ಬಲ್ಬ್ ಮಿಣುಕುತ್ತಿದೆ

ಹಳೇಪೇಟೆ_ಹುಡುಗ:
ತಲೆ ಕೆಟ್ಟು ಹೋಗಿದೆ, ಯಾರಾದರೂ ದಾರಿ ತೋರಿಸಿ. ದಾವಣಗೆರೆಯಲ್ಲಿ ತಾತನ ಕಾಲದ ಮನೆ ನಮ್ಮದು. ಹಾಲ್‌ಗೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಬೇಡದ ವೈಫೈ ಸ್ವಿಚ್ ಹಾಕಿದೆ. ಬಲ್ಬ್ 9 ವ್ಯಾಟ್ ಎಲ್‌ಇಡಿ. ಆನ್ ಮಾಡಿದರೆ ಚೆನ್ನಾಗಿ ಉರಿಯುತ್ತದೆ. ಆಫ್ ಮಾಡಿದ ಮೇಲೆ ಮಿಣುಕ್ ಮಿಣುಕ್ ಅನ್ನುತ್ತಲೇ ಇರುತ್ತದೆ. ಹಾಲ್‌ನಲ್ಲಿ ಮಲಗುವ ಅಜ್ಜಿಗೆ ನಿದ್ದೆ ಇಲ್ಲ. ಸಾಲದ್ದಕ್ಕೆ ಸ್ವಿಚ್ ಆಗಾಗ ಆಫ್‌ಲೈನ್ ಆಗುತ್ತದೆ, ರೌಟರ್ ಅದೇ ರೂಮಿನಲ್ಲಿದೆ. ಬೇರೆ ಕಂಪನಿ ಬಲ್ಬ್ ಹಾಕಿದರೂ ಅದೇ ಕಥೆ. ಎಲೆಕ್ಟ್ರಿಷಿಯನ್ ಬಂದು, ಬೋರ್ಡಿಗೆ ನ್ಯೂಟ್ರಲ್ ಬಂದಿಲ್ಲ, ಗೋಡೆ ಕೊರೆಯಬೇಕು ಅಂತ ಹೇಳಿ ಹೋದರು. ಈಗಷ್ಟೇ ಪೇಂಟ್ ಮಾಡಿಸಿದ್ದೇವೆ, ಗೋಡೆ ಮುಟ್ಟಲು ಅಮ್ಮ ಬಿಡುವುದಿಲ್ಲ. ಏನು ಮಾಡಲಿ?

ದುರ್ಗದ_ಮೇಷ್ಟ್ರು:
ತಮ್ಮಾ, ಸ್ವಿಚ್ ಕೆಟ್ಟಿಲ್ಲ. ಅದರೊಳಗಿನ ವೈಫೈ ಚಿಪ್ ದಿನವಿಡೀ ಎಚ್ಚರ ಇರಬೇಕು. ನ್ಯೂಟ್ರಲ್ ಇಲ್ಲ ಅಂದಮೇಲೆ ಬಲ್ಬ್ ಮೂಲಕವೇ ಚೂರು ಚೂರು ಕರೆಂಟ್ ಎಳೆದುಕೊಳ್ಳುತ್ತದೆ. ಹಳೇ 60 ವ್ಯಾಟ್ ಬಲ್ಬ್ ಆಗಿದ್ದರೆ ಅಷ್ಟಕ್ಕೆ ಫಿಲಮೆಂಟ್ ಕೆಂಪಾಗುತ್ತಲೂ ಇರಲಿಲ್ಲ. ಎಲ್‌ಇಡಿ ಬಲ್ಬಿನೊಳಗಿನ ಡ್ರೈವರ್ ಸರ್ಕ್ಯೂಟಿನಲ್ಲಿ ಕೆಪಾಸಿಟರ್, ಅಂದರೆ ಕರೆಂಟ್ ತುಂಬಿಟ್ಟುಕೊಳ್ಳುವ ಚಿಕ್ಕ ಬಿಡಿಭಾಗ, ಇರುತ್ತದೆ. ಆ ಸೋರಿಕೆ ಕರೆಂಟ್ ಅದನ್ನು ನಿಧಾನಕ್ಕೆ ತುಂಬಿಸುತ್ತದೆ. ತುಂಬಿದಾಗ ಬಲ್ಬ್ ಒಮ್ಮೆ ಮಿಂಚಿ ಖಾಲಿ ಮಾಡುತ್ತದೆ, ಮತ್ತೆ ತುಂಬುತ್ತದೆ. ನಿನಗೆ ಕಾಣುತ್ತಿರುವುದು ಅದೇ. ಒಂದು ಕೆಪಾಸಿಟರ್ ಹಾಕು, ಮುಗಿಯಿತು. 0.1 ಮೈಕ್ರೋಫ್ಯಾರಡ್, 275 ವೋಲ್ಟ್ ಎಸಿ, ಮೈಮೇಲೆ ಎಕ್ಸ್2 (ಮೇನ್ ಕರೆಂಟಿಗೆ ನೇರ ಹಾಕಬಹುದಾದ ದರ್ಜೆ) ಅಂತ ಬರೆದಿರಲೇಬೇಕು. ಫ್ಯಾನಿನ ಕೆಪಾಸಿಟರ್ ತಂದು ಹಾಕಬೇಡ.

ಬೆಣ್ಣೆನಗರಿ:
ವೈಫೈ ಬಿಟ್ಟು ಜಿಗ್‌ಬೀ ಅನ್ನುವ ಬೇರೆ ಥರದ ವೈರ್‌ಲೆಸ್ ಸ್ವಿಚ್ ತಗೊಳ್ಳಿ ಗುರು. ಅದಕ್ಕೆ ಕರೆಂಟ್ ತುಂಬಾ ಕಮ್ಮಿ ಸಾಕು, ಹಾಗಾಗಿ ಬಲ್ಬ್ ಮಿಣುಕುವುದೂ ಕಮ್ಮಿ. ನಮ್ಮದು ವಿದ್ಯಾನಗರದ ಮನೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ, ಮನೆಯ ಸ್ವಿಚ್‌ಗಳನ್ನು ನಡೆಸುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್ ಓಡುತ್ತಿದೆ, ಎಲ್ಲಾ ರೂಮಿಗೂ ಜಿಗ್‌ಬೀ. ಗೇಟ್ ಲೈಟ್ ಹೊತ್ತು ಮುಳುಗಿದ ತಕ್ಷಣ ತಾನೇ ಹತ್ತುತ್ತದೆ. ಟ್ಯಾಂಕಿಗೂ ಸೆನ್ಸರ್ ಇದೆ, ನೀರು ತುಂಬಿದರೆ ಮೋಟರ್ ಬಂದ್. ಡ್ಯಾಶ್‌ಬೋರ್ಡ್ ಕನ್ನಡದಲ್ಲೇ ಮಾಡಿದ್ದೇನೆ, ಬೇಕಿದ್ದರೆ ಫೋಟೋ ಹಾಕುತ್ತೇನೆ.

ಹಳೇಪೇಟೆ_ಹುಡುಗ:
ಚೆನ್ನಾಗಿದೆ ಅಣ್ಣ, ಆದರೆ ತಂದಿರುವ ಸ್ವಿಚ್ ಎಸೆಯಲು ಮನಸ್ಸಿಲ್ಲ.
ಮೇಷ್ಟ್ರೇ, ನೀವು ಹೇಳಿದ ಕೆಪಾಸಿಟರ್ ಸಿಕ್ಕಿತು. ಬೋರ್ಡ್ ಬಿಚ್ಚಿ ಸ್ವಿಚ್ಚಿನ ಎರಡು ಟರ್ಮಿನಲ್‌ಗೆ ಹಾಕಿದೆ. ಈಗ ಮಿಣುಕುತ್ತಿಲ್ಲ, ಆಫ್ ಇದ್ದಾಗಲೂ ಮಂದವಾಗಿ ಉರಿಯುತ್ತಲೇ ಇದೆ!

ದುರ್ಗದ_ಮೇಷ್ಟ್ರು:
ಅಯ್ಯೋ, ಸ್ವಿಚ್ಚಿಗಲ್ಲ, ಬಲ್ಬಿಗೆ! ಸ್ವಿಚ್ಚಿನ ಅಕ್ಕಪಕ್ಕ ಹಾಕಿದರೆ ಕರೆಂಟಿಗೆ ಇನ್ನೊಂದು ದಾರಿ ಕೊಟ್ಟ ಹಾಗಾಯಿತು. ಅದು ಹೋಲ್ಡರ್‌ನ ಎರಡು ತುದಿಗೆ, ಬಲ್ಬಿಗೆ ಪ್ಯಾರಲಲ್ ಆಗಿ ಬರಬೇಕು. 50 ಹರ್ಟ್ಸ್‌ನಲ್ಲಿ 0.1 ಮೈಕ್ರೋಫ್ಯಾರಡ್ ಅಂದರೆ ಸುಮಾರು 32 ಕಿಲೋ ಓಮ್‌ನಷ್ಟು ತಡೆ. ಸೋರಿಕೆ ಕರೆಂಟ್ ಬಲ್ಬಿನ ಡ್ರೈವರ್ ಬಿಟ್ಟು ಇದರಲ್ಲಿ ಹಾದು ಹೋಗುತ್ತದೆ. ಮೇನ್ ಆಫ್ ಮಾಡಿ ಸೀಲಿಂಗ್ ರೋಸ್ (ಚಾವಣಿಯಲ್ಲಿ ಬಲ್ಬಿನ ವೈರ್ ಸೇರುವ ಗುಂಡನೆ ಡಬ್ಬಿ) ಬಿಚ್ಚು, ಅದರೊಳಗೆ ಕೂರಿಸು. ಬರೀ ಟೇಪ್ ಸುತ್ತಬೇಡ, ಸ್ಲೀವ್ ಹಾಕು.

ಹಳೇಪೇಟೆ_ಹುಡುಗ:
ಹಾಕಿದೆ. ಮಿಣುಕುವುದು ಪೂರ್ತಿ ನಿಂತಿತು, ಥ್ಯಾಂಕ್ಸ್ ಮೇಷ್ಟ್ರೇ. ಆದರೆ ಕರೆಂಟ್ ಹೋಗಿ ಯುಪಿಎಸ್ ಮೇಲೆ ಬಂದಾಗ ಸ್ವಿಚ್ ಗುಂಯ್ ಅನ್ನುತ್ತದೆ. ಆಮೇಲೆ ಆಫ್‌ಲೈನ್.

ಬೆಣ್ಣೆನಗರಿ:
ಯುಪಿಎಸ್ ಇರುವುದನ್ನು ಈಗ ಹೇಳುತ್ತಿದ್ದೀರಲ್ಲ! ಸ್ಕ್ವೇರ್ ವೇವ್ ಯುಪಿಎಸ್ಸಾ? ಹಾಗಿದ್ದರೆ ಕಾರಣ ಅದೇ. ಸ್ಕ್ವೇರ್ ವೇವ್‌ನಲ್ಲಿ ವೋಲ್ಟೇಜ್ ದಿಢೀರ್ ಅಂತ ಏರಿ ಇಳಿಯುತ್ತದೆ. ಪ್ರತಿ ಏಟಿಗೂ ಕೆಪಾಸಿಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ನಯವಾಗಿ ಏರಿಳಿಯುವ ಪ್ಯೂರ್ ಸೈನ್ ವೇವ್ ಯುಪಿಎಸ್ ಹಾಕಿಸಿ.

ದುರ್ಗದ_ಮೇಷ್ಟ್ರು:
ಒಂದು ಬಲ್ಬಿಗೋಸ್ಕರ ಯುಪಿಎಸ್ ಬದಲಾಯಿಸು ಅನ್ನುವುದು ಸರಿಯಲ್ಲ. 0.22 ಹಾಕಿ ನೋಡು ತಮ್ಮಾ.

ಬೆಣ್ಣೆನಗರಿ:
ಮೇಷ್ಟ್ರೇ, ಎಲ್ಲದಕ್ಕೂ ಕೆಪಾಸಿಟರ್ ಒಂದೇ ಮದ್ದು ಅಂದರೆ ಹೇಗೆ? 0.22 ಹಾಕಿದರೆ ಸ್ಕ್ವೇರ್ ವೇವ್‌ನಲ್ಲಿ ಇನ್ನೂ ಜಾಸ್ತಿ ಎಳೆಯುತ್ತದೆ.

ದುರ್ಗದ_ಮೇಷ್ಟ್ರು:
ನಾನು ಹಾಕಿರುವ ಮನೆಗಳಲ್ಲಿ ಕೆಲಸ ಮಾಡುತ್ತಿದೆ. ಅನುಭವದ ಮಾತು ಹೇಳುತ್ತಿದ್ದೇನೆ.

ಹೊಳಲ್ಕೆರೆ_ವೈರಿಂಗ್:
ಇಬ್ಬರೂ ಸ್ವಲ್ಪ ತಡೀರಿ. ತಮ್ಮಾ, ಆ ಬೋರ್ಡಿನಲ್ಲಿ ಪ್ಲಗ್ ಪಾಯಿಂಟ್ ಇದೆಯಾ?

ಹಳೇಪೇಟೆ_ಹುಡುಗ:
ಇದೆ ಅಣ್ಣ. ಫೋನ್ ಚಾರ್ಜ್ ಮಾಡುವುದು ಅಲ್ಲೇ. ಯಾಕೆ?

ಹೊಳಲ್ಕೆರೆ_ವೈರಿಂಗ್:
ಅಲ್ಲಿ ಫೋನ್ ಚಾರ್ಜ್ ಆಗುತ್ತಿದೆ ಅಂದರೆ ಬೋರ್ಡಿಗೆ ನ್ಯೂಟ್ರಲ್ ಬಂದೇ ಬಂದಿದೆ. ಬರೀ ಫೇಸ್‌ನಿಂದ (ಕರೆಂಟ್ ಬರುವ ವೈರ್) ಯಾವ ಪ್ಲಗ್ಗೂ ಕೆಲಸ ಮಾಡುವುದಿಲ್ಲ. ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಸ್ವಿಚ್ ಜೊತೆಗೇ ಒಂದು 5 ಆಂಪಿಯರ್ ಪ್ಲಗ್ ಇರುತ್ತದೆ, ಗೋಡೆ ಕೊರೆಯುವ ಮಾತು ಎತ್ತುವ ಮೊದಲು ಅದನ್ನು ನೋಡಬೇಕು. ನಿನ್ನ ಸ್ವಿಚ್ಚಿನ ಹಿಂದೆ ಎನ್ ಅಂತ ಖಾಲಿ ಟರ್ಮಿನಲ್ ಇದೆಯಾ ನೋಡು. ಕೆಲವು ಮಾಡೆಲ್‌ಗಳು ನ್ಯೂಟ್ರಲ್ ಇದ್ದರೂ ಇಲ್ಲದಿದ್ದರೂ ನಡೆಯುತ್ತವೆ.

ಎಂಸಿಸಿ_ಬಿ_ಬ್ಲಾಕ್:
ಇಷ್ಟೆಲ್ಲಾ ಯಾಕೆ? ಅರ್ಥಿಂಗ್ ವೈರನ್ನೇ ನ್ಯೂಟ್ರಲ್ ಜಾಗಕ್ಕೆ ಕೊಡಿ. ನಮ್ಮ ಮನೇಲಿ ಹಾಗೇ ಇದೆ, ಏನೂ ಆಗಿಲ್ಲ.

ಹೊಳಲ್ಕೆರೆ_ವೈರಿಂಗ್:
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ಎಲ್ಲೋ ಒಂದು ಕಡೆ ಅರ್ಥಿಂಗ್ ವೈರ್ ಕಟ್ ಆಯಿತು ಅಂತಿಟ್ಟುಕೊಳ್ಳಿ. ಆ ಸ್ವಿಚ್ಚಿನ ಮೂಲಕ ಫ್ರಿಜ್, ಗೀಸರ್, ವಾಷಿಂಗ್ ಮೆಷಿನ್ನಿನ ಮೈಗೆ ವೋಲ್ಟೇಜ್ ಬರುತ್ತದೆ. ಒದ್ದೆ ಕೈಯಲ್ಲಿ ಮುಟ್ಟುವುದು ಮನೆಯವರೇ ಅಲ್ವಾ? ಸರ್, ನೀವೂ ಇವತ್ತೇ ಅದನ್ನು ಬಿಚ್ಚಿಸಿ.

ಎಂಸಿಸಿ_ಬಿ_ಬ್ಲಾಕ್:
ಹಾಕಿಕೊಟ್ಟವರು ಲೈಸೆನ್ಸ್ ಇರುವವರೇ. ಸುಮ್ನೆ ಹೆದರಿಸಬೇಡಿ.

ಹಳೇಪೇಟೆ_ಹುಡುಗ:
ಹೊಳಲ್ಕೆರೆ ಅಣ್ಣ, ಎನ್ ಟರ್ಮಿನಲ್ ಇದೆ! ಪ್ಲಗ್ಗಿನಲ್ಲಿ ಯಾವ ವೈರ್ ತಗೊಳ್ಳಲಿ? ಬೋರ್ಡಿನೊಳಗೆ ಎರಡು ಕಪ್ಪು, ಒಂದು ಕೆಂಪು, ಒಂದು ಬಣ್ಣ ಮಾಸಿದ್ದು ಇದೆ.

ಹೊಳಲ್ಕೆರೆ_ವೈರಿಂಗ್:
ಹಳೇ ಮನೆಯಲ್ಲಿ ಬಣ್ಣ ನಂಬಬೇಡ. ಕಪ್ಪು ವೈರ್ ಬಲ್ಬಿಗೆ ಹೋಗಿರುವ ಲೈನೂ ಆಗಿರಬಹುದು. ಎದುರು ನಿಂತು ನೋಡಿದಾಗ ಪ್ಲಗ್ಗಿನ ಮೇಲಿನ ದಪ್ಪ ತೂತು ಅರ್ಥಿಂಗ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್ ಇರಬೇಕು. ಇರಬೇಕು ಅಷ್ಟೇ, ಪರೀಕ್ಷೆ ಮಾಡಿಯೇ ತಿಳಿಯಬೇಕು. ಟೆಸ್ಟರ್ ಹತ್ತಲಿಲ್ಲ ಅಂದರೆ ಅದು ನ್ಯೂಟ್ರಲ್ ಅಂತ ಅಲ್ಲ, ಎಲ್ಲಿಗೂ ಸೇರದ ವೈರಿಗೂ ಟೆಸ್ಟರ್ ಹತ್ತುವುದಿಲ್ಲ. ಹೋಲ್ಡರಿಗೆ ಎರಡು ವೈರ್ ಕಟ್ಟಿದ ಟೆಸ್ಟ್ ಲ್ಯಾಂಪ್ ಇಟ್ಟು, ಅದೇ ಪ್ಲಗ್ಗಿನ ಫೇಸ್ ಮತ್ತು ಆ ವೈರ್ ಮಧ್ಯೆ ಹಿಡಿದು ನೋಡಬೇಕು. ಪೂರ್ತಿ ಬೆಳಕು ಬಂದು ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಬ್ರೇಕರ್) ಬೀಳದಿದ್ದರೆ ನ್ಯೂಟ್ರಲ್. ಬಿದ್ದರೆ ಆ ವೈರನ್ನು ಸದ್ಯಕ್ಕೆ ಮುಟ್ಟಬೇಡ. ಈ ಕೆಲಸ ನೀನು ಮಾಡಬೇಡ, ಗೊತ್ತಿರುವವರನ್ನು ಕರೆಸು.

ಹಳೇಪೇಟೆ_ಹುಡುಗ:
ಚಿಕ್ಕಪ್ಪನ ಕಡೆಯ ವೈರ್‌ಮನ್ ಬಂದು ಮಾಡಿಕೊಟ್ಟರು. ಹಾಲ್‌ನಲ್ಲಿ ಈಗ ಮಿಣುಕೂ ಇಲ್ಲ, ಗುಂಯ್ ಶಬ್ದವೂ ಇಲ್ಲ. ಆಫ್‌ಲೈನ್ ಆಗುವುದೂ ನಿಂತಿತು. ಅಜ್ಜಿ ನಿದ್ದೆ ಮಾಡಿದರು. ಅದೇ ಖುಷಿಯಲ್ಲಿ ಮಹಡಿ ರೂಮುಗಳಿಗೂ ಅದೇ ಥರ ಹಾಕಿಸಿದೆ. ಈಗ ಆರ್‌ಸಿಸಿಬಿ ಹೊತ್ತುಗೊತ್ತಿಲ್ಲದೆ ಟ್ರಿಪ್ ಆಗುತ್ತಿದೆ!

ದುರ್ಗದ_ಮೇಷ್ಟ್ರು:
ಸೀಲಿಂಗ್ ರೋಸ್‌ನಲ್ಲಿ ಕೆಪಾಸಿಟರ್ ಇನ್ನೂ ಇದೆಯಾ? ಅದನ್ನು ತೆಗೆದು ನೋಡು.

ಹೊಳಲ್ಕೆರೆ_ವೈರಿಂಗ್:
ತೆಗೆದರೆ ತಪ್ಪಿಲ್ಲ, ಆದರೆ ಕಾರಣ ಅದಲ್ಲ ಮೇಷ್ಟ್ರೇ. ತಮ್ಮಾ, ಲೈಟ್ ಲೈನ್ ಯುಪಿಎಸ್ ಮೇಲಿದೆ, ಪ್ಲಗ್ ಲೈನ್ ಬೇರೆ, ಹೌದಾ? ಫೇಸ್ ಲೈಟ್ ಲೈನಿನಿಂದ ಬರುತ್ತಿದೆ, ನ್ಯೂಟ್ರಲ್ ಪ್ಲಗ್ ಲೈನಿನಿಂದ ವಾಪಸ್ ಹೋಗುತ್ತಿದೆ. ಆರ್‌ಸಿಸಿಬಿ ನೋಡುವುದು ಇಷ್ಟೇ: ತನ್ನ ಫೇಸ್‌ನಲ್ಲಿ ಹೋದಷ್ಟೇ ಕರೆಂಟ್ ತನ್ನ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ. ಇಲ್ಲಿ ಲೆಕ್ಕ ತಾಳೆ ಆಗುತ್ತಿಲ್ಲ. ಒಂದು ಸ್ವಿಚ್ಚಿನ ಕರೆಂಟ್ ಕೆಲವೇ ಮಿಲಿ ಆಂಪಿಯರ್, ಹಾಗಾಗಿ ಹಾಲ್ ಒಂದೇ ಇದ್ದಾಗ ಗೊತ್ತಾಗಲಿಲ್ಲ. ನಾಲ್ಕಾರು ಸೇರಿದವು, ಹಳೇ ಮನೆಯ ಸೋರಿಕೆಯೂ ಜೊತೆಗಿದೆ. 30 ಮಿಲಿ ಆಂಪಿಯರ್ ಆರ್‌ಸಿಸಿಬಿ 15 ದಾಟಿದರೆ ಯಾವಾಗ ಬೇಕಾದರೂ ಬೀಳಬಹುದು. ಆರ್‌ಸಿಸಿಬಿ ಕೆಟ್ಟಿದೆ ಅಂತ ಯಾರಾದರೂ ಅದನ್ನು ಬೈಪಾಸ್ ಮಾಡಲು ಬಂದರೆ ಒಪ್ಪಬೇಡ.

ಹಳೇಪೇಟೆ_ಹುಡುಗ:
ಹೌದು ಅಣ್ಣ, ಡಿಬಿಯಲ್ಲಿ (ಮೇನ್ ಬೋರ್ಡಿನಲ್ಲಿ) ನ್ಯೂಟ್ರಲ್ ಪಟ್ಟಿ ಎರಡಿವೆ. ಲೈಟಿನದ್ದು ಆರ್‌ಸಿಸಿಬಿಯಿಂದ ಹೊರಗಿದೆ. ಹಾಗಾದರೆ ಗೋಡೆ ಕೊರೆಯಲೇಬೇಕಾ?

ಹೊಳಲ್ಕೆರೆ_ವೈರಿಂಗ್:
ಬೇಡ. ಮಹಡಿಯಲ್ಲಿ ವೈರ್‌ಗಳು ಪೈಪಿನಲ್ಲಿ ಹೋಗಿದ್ದರೆ ಅದೇ ಪೈಪಿನಲ್ಲಿ ವೈರ್ ಎಳೆಯುವ ಸ್ಪ್ರಿಂಗ್ ಬಿಟ್ಟು, ಸೀಲಿಂಗ್ ರೋಸ್‌ನಲ್ಲಿರುವ ಲೈಟಿನ ನ್ಯೂಟ್ರಲ್‌ನಿಂದ ಬೋರ್ಡಿನವರೆಗೆ ಒಂದು ಕಪ್ಪು ವೈರ್ ಎಳೆಸು. ಪೈಪ್ ತುಂಬಿ ಹೋಗಿರುವ ಕಡೆ ಎನ್ ಖಾಲಿ ಬಿಟ್ಟು ಮೇಷ್ಟ್ರು ಹೇಳಿದ ಕೆಪಾಸಿಟರ್ ಹಾಕಿಸು, ಅಲ್ಲಿ ಅದೇ ಸರಿ. ಹಾಲ್‌ನದ್ದನ್ನೂ ಹಾಗೇ ಬದಲಾಯಿಸಿಕೋ, ಈಗ ಟ್ರಿಪ್ ಆಗದಿದ್ದರೂ ಜೋಡಣೆ ತಪ್ಪೇ. ಲೈಟ್ ಲೈನನ್ನೂ ಆರ್‌ಸಿಸಿಬಿ ಒಳಗೆ ತರುವ ಬಗ್ಗೆ ವೈರ್‌ಮನ್ ಹತ್ತಿರ ಮಾತಾಡು.

ಹಿರಿಯೂರು_ತೋಟ:
ನಮ್ಮದೂ ಇದೇ ಸಮಸ್ಯೆ. ಮೆಟ್ಟಿಲ ಲೈಟಿಗೆ ಕೆಳಗೊಂದು, ಮೇಲೊಂದು ಸ್ವಿಚ್. ಕೆಳಗಿನದಕ್ಕೆ ಸ್ಮಾರ್ಟ್ ಸ್ವಿಚ್ ಹಾಕಿದ ಮೇಲೆ ಮೇಲಿನದು ಕೆಲಸ ಮಾಡುತ್ತಿಲ್ಲ. ಕೆಪಾಸಿಟರ್ ಹಾಕಿದರೆ ಸರಿ ಹೋಗುತ್ತಾ?

ದುರ್ಗದ_ಮೇಷ್ಟ್ರು:
ಹಾಕಿ ನೋಡಿ.

ಹೊಳಲ್ಕೆರೆ_ವೈರಿಂಗ್:
ಹೋಗುವುದಿಲ್ಲ. ಅದು ಟೂ ವೇ ವೈರಿಂಗ್, ವಿಷಯವೇ ಬೇರೆ. ಎರಡೂ ಬೋರ್ಡ್ ಬಿಚ್ಚಿದ ಫೋಟೋ ಮತ್ತು ಸ್ವಿಚ್ಚಿನ ಮಾಡೆಲ್ ನಂಬರ್ ಹಾಕಿ ಹೊಸ ಥ್ರೆಡ್ ಶುರು ಮಾಡಿ, ಅಲ್ಲಿಗೆ ಬರುತ್ತೇನೆ.