ಹುಡುಗರ ಜೊತೆ ಎಚ್‌ಐವಿ ಬಗ್ಗೆ ಮಾತಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ನಾನು ಪದವಿ ಕಾಲೇಜಿನಲ್ಲಿ ಕಾಮರ್ಸ್ ಮೇಷ್ಟ್ರು. ಈ ವರ್ಷ ರೆಡ್ ರಿಬ್ಬನ್ ಕ್ಲಬ್ (ಕಾಲೇಜಿನ ಎಚ್‌ಐವಿ ಜಾಗೃತಿ ಕ್ಲಬ್) ನನ್ನ ಹೆಗಲಿಗೆ ಬಿದ್ದಿದೆ. ಡಿಸೆಂಬರ್ 1ರ ಏಡ್ಸ್ ದಿನದ ಜಾಥಾ, ಪೋಸ್ಟರ್ ಸ್ಪರ್ಧೆ ಹೇಗೋ ಆಗುತ್ತದೆ. ಆದರೆ ಹುಡುಗರ ಜೊತೆ ಕೂತು ನಿಜವಾಗಿ ಮಾತಾಡಬೇಕು ಅಂತಿದೆ. ನಾನು ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚು ಕಿಸಕ್ಕನೆ ನಗುತ್ತದೆ. ಹೇಗೆ ಶುರು ಮಾಡಲಿ?

ತಾಲ್ಲೂಕು ಆಸ್ಪತ್ರೆ ಐಸಿಟಿಸಿ (ಎಚ್‌ಐವಿ ಸಲಹೆ, ಪರೀಕ್ಷೆ ಕೇಂದ್ರ) ಕೌನ್ಸೆಲರ್: ನಗಲಿ ಬಿಡಿ ಸರ್. ನಗುವವರ ಕಿವಿ ಇಲ್ಲೇ ಇರುತ್ತದೆ. ಎಲ್ಲರಿಗೂ ಒಂದೊಂದು ಚೀಟಿ ಕೊಡಿ, ಹೆಸರು ಬೇಡ. ಪ್ರಶ್ನೆ ಇಲ್ಲದವನು ಸಿನಿಮಾ ಹೆಸರಾದರೂ ಬರೆಯಲಿ. ಎಲ್ಲರ ಪೆನ್ನೂ ಓಡಬೇಕು, ಇಲ್ಲದಿದ್ದರೆ ಬರೆದವನು ಯಾರು ಅಂತ ಪಕ್ಕದವನಿಗೆ ಗೊತ್ತಾಗಿಬಿಡುತ್ತದೆ. ಎಷ್ಟೋ ಚೀಟಿಯಲ್ಲಿ "ನನ್ನ ಫ್ರೆಂಡ್ ಒಬ್ಬ" ಅಂತಲೇ ಇರುತ್ತದೆ. ಆ ಫ್ರೆಂಡ್ ಯಾರು ಅಂತ ಕೇಳಲೇಬೇಡಿ. ಅವನಿಗೆ ಬೇಕಾದ ಉತ್ತರ ಕೊಡಿ, ಸಾಕು.

ಸೊಳ್ಳೆ, ತಟ್ಟೆ, ಟಾಯ್ಲೆಟ್, ಮುತ್ತು ಎಲ್ಲ ಬರುತ್ತದೆ. ಅವುಗಳಿಂದ ಹರಡುವುದಿಲ್ಲ ಅಂತ ಒಂದೇ ಸಲಕ್ಕೆ ಮುಗಿಸಿ. ಜಾತ್ರೆಯಲ್ಲಿ ಒಂದೇ ಸೂಜಿಯಲ್ಲಿ ಸಾಲಾಗಿ ಹಚ್ಚೆ ಹಾಕಿಸಿಕೊಳ್ಳುವುದು ಬೇಡ ಅನ್ನಿ. ಉಳಿದ ಟೈಮೆಲ್ಲ ಗಂಟೆ, ದಿನದ ಲೆಕ್ಕಕ್ಕೆ ಇಡಿ. ಹುಡುಗರು ಹೆದರಿ ಸುಮ್ನೆ ಕೂರುವುದು ಅಲ್ಲೇ. ಕಾಂಡೋಮ್ ಇಲ್ಲದೆ ಆಗಿಹೋಯಿತು ಅಥವಾ ಹರಿಯಿತು ಅಂದರೆ 72 ಗಂಟೆಯೊಳಗೆ ಡಾಕ್ಟರ್ ಹತ್ತಿರ ಹೋಗಬೇಕು. ಅಗತ್ಯ ಇದ್ದರೆ ಅವರು ಸೋಂಕು ತಡೆಯುವ ಪೆಪ್ ಮಾತ್ರೆ ಶುರು ಮಾಡುತ್ತಾರೆ, 28 ದಿನ ತಪ್ಪದೆ ನುಂಗಬೇಕು. ಬೇಗ ಹೋದಷ್ಟೂ ಒಳ್ಳೆಯದು. ಇನ್ನು ಟೆಸ್ಟ್. ಮಾರನೇ ದಿನವೇ ಓಡಿ ಬಂದು "ನೆಗೆಟಿವ್" ಅಂತ ಪಾರ್ಟಿ ಮಾಡುವವರಿದ್ದಾರೆ! ಅದು ವಿಂಡೋ ಪೀರಿಯಡ್, ಅಂದರೆ ಸೋಂಕು ತಗುಲಿದ್ದರೂ ಟೆಸ್ಟ್‌ನಲ್ಲಿ ಕಾಣದ ಸಮಯ. ಮೂರು ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಮಾಡಿಸಿದರೇ ಖಚಿತ.

ಬೆಂಗಳೂರಿನ ಐಟಿ ಉದ್ಯೋಗಿ: ಮೇಷ್ಟ್ರೇ, ಒಂದು ಮಾತು. ನಾನು ಹುಡುಗರನ್ನು ಇಷ್ಟಪಡುವ ಹುಡುಗ. ನಮ್ಮ ಕಾಲೇಜಿನಲ್ಲೂ ಇಂಥ ಕಾರ್ಯಕ್ರಮ ಆಗಿತ್ತು. ಬಂದವರು ಪೂರ್ತಿ ಒಂದು ಗಂಟೆ "ಕೆಟ್ಟ ಹೆಂಗಸರ ಸಹವಾಸ" ಅಂತ ಕೊರೆದರು. ನನ್ನಂಥವರಿಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಗುದಸಂಭೋಗದಲ್ಲಿ ಕಾಂಡೋಮ್ ಇಲ್ಲದಿದ್ದರೆ ಅಪಾಯ ಜಾಸ್ತಿ ಅಂತ ಯಾರೂ ಹೇಳಲಿಲ್ಲ. ತೆಂಗಿನೆಣ್ಣೆ, ವ್ಯಾಸಲೀನ್ ಹಚ್ಚಿದರೆ ಲೇಟೆಕ್ಸ್ ಹಾಳಾಗುತ್ತದೆ, ನೀರು ಬೇಸ್ ಇರುವ ಜೆಲ್ಲೇ ಬೇಕು ಅಂತಲೂ ಹೇಳಲಿಲ್ಲ. ನೀವು "ಹುಡುಗಿ" ಅನ್ನುವ ಕಡೆಯಲ್ಲೆಲ್ಲ "ಸಂಗಾತಿ" ಅನ್ನಿ ಸಾಕು, ಕೇಳಬೇಕಾದವನಿಗೆ ಕೇಳಿಸುತ್ತದೆ. ಮತ್ತೆ ಮತ್ತೆ ರಿಸ್ಕ್ ಇರುವವರು ಮೊದಲೇ ತಗೊಳ್ಳುವ ಪ್ರೆಪ್ ಮಾತ್ರೆಯೂ ಇದೆ. ಅದನ್ನು ಟೆಸ್ಟ್ ಮಾಡಿಸಿ, ಡಾಕ್ಟರ್ ಕೇಳಿಯೇ ಶುರು ಮಾಡಬೇಕು.

ಎಆರ್‌ಟಿಯಲ್ಲಿ (ಎಚ್‌ಐವಿ ಚಿಕಿತ್ಸೆಯಲ್ಲಿ) ಇರುವವರು: ಒಣಗಿದ ಮೈ, ತಲೆಬುರುಡೆಯ ಚಿತ್ರ ದಯವಿಟ್ಟು ಹಾಕಬೇಡಿ. ನಾನು ದಿನಾ ಮಾತ್ರೆ ನುಂಗುತ್ತೇನೆ, ಕೆಲಸಕ್ಕೆ ಹೋಗುತ್ತೇನೆ, ಸಂಜೆ ವಾಲಿಬಾಲ್ ಆಡುತ್ತೇನೆ. ಚಿಕಿತ್ಸೆಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ನಿಂತರೆ, ಲೈಂಗಿಕ ಸಂಪರ್ಕದಿಂದ ಅದು ಸಂಗಾತಿಗೆ ಹರಡುವುದಿಲ್ಲ. ತಲೆಬುರುಡೆ ನೋಡಿದ ಹುಡುಗ ಟೆಸ್ಟ್‌ಗೆ ಬರುತ್ತಾನಾ? ಕಾನೂನನ್ನೂ ಹೇಳಿ. 2017ರ ಎಚ್‌ಐವಿ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವ ಹಾಗಿಲ್ಲ. ಟೆಸ್ಟ್ ಮಾಡಿಸಿದರೇ ಕೆಲಸ ಅಂತ ಷರತ್ತು ಹಾಕುವ ಹಾಗೂ ಇಲ್ಲ. ಕ್ಯಾಂಪಸ್ ಇಂಟರ್‌ವ್ಯೂ ಕನಸಲ್ಲಿರುವವರಿಗೆ ಈ ಮಾತು ನೇರ ತಟ್ಟುತ್ತದೆ.

ನರ್ಸಿಂಗ್ ವಿದ್ಯಾರ್ಥಿ: ಕಾಂಡೋಮ್ ಬಗ್ಗೆ ಹೇಳಿದರೆ ಸಾಲದು, ತೋರಿಸಬೇಕು. ಮೊದಲು ಎಕ್ಸ್‌ಪೈರಿ ದಿನಾಂಕ ಓದಿಸಿ. ಆಮೇಲೆ ಪ್ಯಾಕೆಟ್ ಒತ್ತಿ, ಒಳಗೆ ಗಾಳಿ ಜಾರುವುದು ಬೆರಳಿಗೆ ಗೊತ್ತಾಗಬೇಕು. ಗೊತ್ತಾಗದಿದ್ದರೆ ಎಲ್ಲೋ ತೂತಾಗಿದೆ ಅಂತ. ಹಲ್ಲಿನಿಂದ ಹರಿಯಬಾರದು. ತುದಿ ಹಿಂಡಿಕೊಂಡು ಬಿಡಿಸಬೇಕು. ತಿಂಗಳುಗಟ್ಟಲೆ ಪರ್ಸಿನಲ್ಲಿ ಕೂತು ದುಂಡಗೆ ಅಚ್ಚು ಬಿದ್ದ ಪ್ಯಾಕೆಟ್ ಒಂದು ಸಿಕ್ಕರೆ ತೋರಿಸಿ, ಇದು ಕಸದ ಬುಟ್ಟಿಗೆ ಅನ್ನಿ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಚೀಟಿ ಐಡಿಯಾ ಗ್ಯಾರಂಟಿ ಮಾಡುತ್ತೇನೆ. ಆದರೆ ಕ್ಲಾಸಲ್ಲಿ ಕಾಂಡೋಮ್ ತೋರಿಸಲು ನಮ್ಮ ಪ್ರಿನ್ಸಿಪಾಲರು ಒಪ್ಪುವುದು ಡೌಟು.

ಐಸಿಟಿಸಿ ಕೌನ್ಸೆಲರ್: ಜಗಳ ಬೇಡ ಸರ್. ಹತ್ತು ಹತ್ತು ಜನರ ಗುಂಪು ಮಾಡಿ ನಮ್ಮ ಸೆಂಟರ್‌ಗೆ ಕರೆತನ್ನಿ. ಮರದ ಮಾಡೆಲ್ ನಮ್ಮ ಟೇಬಲ್ ಮೇಲೇ ಇದೆ. ಟೆಸ್ಟ್ ಪುಕ್ಕಟೆ, ಗುಟ್ಟಾಗಿರುತ್ತದೆ ಅಂತ ಅವತ್ತೇ ಹೇಳುತ್ತೇನೆ. ನಮ್ಮ ಬಾಗಿಲು ಯಾವ ಕಡೆ ಅಂತ ಅವರಿಗೂ ಗೊತ್ತಾಗುತ್ತದಲ್ವಾ. ಬರಲು ಮುಜುಗರ ಅನ್ನುವವರಿಗೆ ಏಡ್ಸ್ ಸಹಾಯವಾಣಿ 1097 ನಂಬರ್ ಬರೆಸಿ. ಅದೂ ಫ್ರೀ.