ಗಿರಮಿಟ್ಟಿನಲ್ಲಿ ಮುಗಿಯಬೇಕಾಗಿದ್ದ ಜಗಳ

ನಾಲ್ಕು ತಿಂಗಳ ಅಜ್ಞಾತವಾಸ ಮುಗಿಸಿ ಕುಲಕರ್ಣಿ ಕಳೆದ ಭಾನುವಾರ ಹುಬ್ಬಳ್ಳಿಯ ಉಣಕಲ್ ಕೆರೆಯ ಬಳಿಯ ನಮ್ಮ ಎಂದಿನ ಅಂಗಡಿಯಲ್ಲಿ ಪ್ರತ್ಯಕ್ಷನಾದ. ಬಂದವನು ಮಿರ್ಚಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ, ಒದ್ದೆ ಬಟ್ಟೆಯಂತೆ ಹಿಂಡಿ, ಎಣ್ಣೆ ಇಳಿಸಿ, ಹಿಟ್ಟನ್ನು ಬದಿಗೆ ಸರಿಸಿ ಒಳಗಿನ ಮೆಣಸಿನಕಾಯಿಯನ್ನಷ್ಟೇ ತಿಂದ. ಹಿರೇಮಠ ಮಾಸ್ತರರು ಮುಖ ತಿರುಗಿಸಿಕೊಂಡರು.

“ಗೋವೆಯ ಟ್ರಯಥ್ಲಾನ್ ಸ್ಪರ್ಧೆಗೆ ಇನ್ನು ಒಂದೇ ವಾರ ಉಳಿದಿದೆ, ಮಾಸ್ತರರೇ. ಸಮುದ್ರದಲ್ಲಿ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, ಆಮೇಲೆ 21.1 ಕಿಲೋಮೀಟರ್ ಓಡಬೇಕು. ಎಲ್ಲವೂ ಎಂಟೂವರೆ ಗಂಟೆಯೊಳಗೆ ಮುಗಿಯಬೇಕು.”

“ಅಂದರೆ ಇಲ್ಲಿಂದ ಗದಗಕ್ಕೆ ಹೋಗಿ ತಿರುಗಿ ಬರುವಷ್ಟು ದೂರವಾಯಿತು. ನಾವು ಗದಗಕ್ಕೆ ಹೋಗಬೇಕಾದರೆ ಅಲ್ಲಿ ಮದುವೆಯಾದರೂ ಇರಬೇಕು, ಇಲ್ಲವೇ ಯಾರಾದರೂ ತೀರಿಕೊಂಡಿರಬೇಕು. ನಿನ್ನದು ಇವೆರಡರಲ್ಲಿ ಯಾವುದು?”

ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರನ್ನು ಗಂಟು ಹಾಕಿದ ಪುಣ್ಯಾತ್ಮ ಯಾರು ಎಂದು ಪಾಟೀಲ ಕೇಳಿದ್ದೇ ತಪ್ಪಾಯಿತು. ಹವಾಯಿಯ ಒಆಹು ದ್ವೀಪದಲ್ಲಿ ಓಟಗಾರರು ಹೆಚ್ಚು ಗಟ್ಟಿಗರೋ, ಈಜುಗಾರರೋ, ಸೈಕಲ್ಲಿನವರೋ ಎಂಬ ವಾದ ಹುಟ್ಟಿತಂತೆ. ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ, ಅಲ್ಲಿ ಆಗಲೇ ನಡೆಯುತ್ತಿದ್ದ ಮೂರು ಸ್ಪರ್ಧೆಗಳನ್ನು ಒಂದೇ ದಿನದಲ್ಲಿ ಮಾಡಿ ನೋಡಿಯೇ ಬಿಡೋಣ ಎಂದನಂತೆ. 1978ರ ಫೆಬ್ರವರಿ 18ರಂದು 15 ಜನ ಹೊರಟು 12 ಜನ ಮುಟ್ಟಿದರು. ಗೆದ್ದವನಿಗೇ 11 ಗಂಟೆ 46 ನಿಮಿಷ ಹಿಡಿಯಿತು. ಕುಲಕರ್ಣಿಯದು ಅದರ ಅರ್ಧದ ಆವೃತ್ತಿ.

ಮಾಸ್ತರರು ಚಹದ ಬಸಿಯನ್ನು ಕೆಳಗಿಟ್ಟರು. “ನನ್ನ ತಕರಾರು ಇರುವುದೇ ಇಲ್ಲಿ. ಅದು ಅಪ್ಪಟ ಹರಟೆಯಾಗಿತ್ತು! ನಮ್ಮಲ್ಲಾಗಿದ್ದರೆ ಅಂಥ ವಾದ ಎರಡು ಪ್ಲೇಟು ಗಿರಮಿಟ್ಟಿನಲ್ಲಿ ಮುಗಿಯುತ್ತಿತ್ತು. ಭೀಮ ದೊಡ್ಡವನೋ ಕರ್ಣನೋ ಎಂದು ನಾವು ಇದೇ ಬೆಂಚಿನ ಮೇಲೆ ಮೂವತ್ತು ವರ್ಷ ಜಗಳಾಡಿದ್ದೇವೆ. ಹಾಗೆಂದು ಯಾರಾದರೂ ಗದೆ ಹೊತ್ತು ನವಲೂರಿನವರೆಗೆ ಓಡಿದ್ದುಂಟೇ? ಆ ಹವಾಯಿಯಲ್ಲಿ ಪುಠಾಣಿ ಹಿಟ್ಟು ಹಾಕಿ ಗಿರಮಿಟ್ಟು ಕಲಸಿ ಕೊಡುವವನೊಬ್ಬ ಇರಲಿಲ್ಲ, ಅದಕ್ಕಾಗಿ ಇಲ್ಲಿ ನಿನ್ನ ಹೆಂಡತಿ ನಸುಕಿನ ನಾಲ್ಕೂವರೆಗೆ ಅಲಾರಂ ಕೇಳಬೇಕಾಗಿದೆ.”

“ಕಾಲಿನ್ಸನ ಹೆಂಡತಿಯೂ ಆ ಯೋಜನೆಯಲ್ಲಿದ್ದಳು,” ಎಂದು ಕುಲಕರ್ಣಿ ಕ್ಷೀಣವಾಗಿ ಪ್ರತಿಭಟಿಸಿದ.

“ಅವಳು ಹರಟೆಯಲ್ಲಿಯೂ ಇದ್ದಳು. ವೈನಿಯವರಿಗೆ ತಲುಪಿದ್ದು ತೀರ್ಪು ಮಾತ್ರ.”

ಮಾತು ಅಭ್ಯಾಸದ ಕಡೆಗೆ ಹೊರಳಿತು. ವಾರದ ದಿನಗಳಲ್ಲಿ ನಸುಕಿಗೆ ಈಜುಕೊಳ ಇಲ್ಲವೇ ಓಟ, ಹತ್ತಕ್ಕೆ ಬ್ಯಾಂಕಿನ ಕೌಂಟರು, ಭಾನುವಾರ ಬೈಪಾಸಿನಲ್ಲಿ ಸೈಕಲ್ಲು. ಸೈಕಲ್ಲಿನಿಂದ ಇಳಿದ ಕೂಡಲೇ ಓಡುವ ಅಭ್ಯಾಸಕ್ಕೆ ಬ್ರಿಕ್ ಎನ್ನುತ್ತಾರೆಂದೂ, ಆಗ ಕಾಲುಗಳು ನಿಜಕ್ಕೂ ಇಟ್ಟಿಗೆಗಳಾಗುತ್ತವೆಂದೂ ಅವನು ಹೇಳಿದ. ಒಂದು ಆಟದಿಂದ ಇನ್ನೊಂದಕ್ಕೆ ಬದಲಾಗುವ ಹೊತ್ತೂ ಲೆಕ್ಕಕ್ಕೆ ಬರುವುದರಿಂದ ಹೆಲ್ಮೆಟ್ಟು, ಬೂಟು ಹಾಕಿಕೊಳ್ಳುವುದನ್ನೂ ಪಡಸಾಲೆಯಲ್ಲಿ ಗಡಿಯಾರ ಹಿಡಿದು ರೂಢಿಸಿಕೊಂಡಿದ್ದಾನೆ. ಎರಡು ನಿಮಿಷ ಸಾಕಂತೆ. ಮದುವೆಗೆ ಹೊರಡುವಾಗ ಇವನ ಅಂಗಿಯ ಗುಂಡಿಗಾಗಿ ಇಡೀ ಮನೆಯವರು ಅರ್ಧ ಗಂಟೆ ಹೊಸ್ತಿಲಲ್ಲಿ ಕಾಯುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

“ಹಾಗಿದ್ದರೆ ಇವತ್ತು ಭಾನುವಾರ. ಸೈಕಲ್ ಬಿಟ್ಟು ಇಲ್ಲಿ ಹೇಗೆ ಕುಳಿತಿದ್ದೀಯ?” ಎಂದ ಪಾಟೀಲ.

“ಇದು ಟೇಪರ್. ಸ್ಪರ್ಧೆಗೆ ಮುಂಚಿನ ಎರಡು ವಾರ ಅಭ್ಯಾಸವನ್ನು ಇಳಿಸುತ್ತಾ ಬರಬೇಕು, ದೇಹದ ದಣಿವು ಆರಬೇಕು.” ಕುಲಕರ್ಣಿ ಸ್ವಲ್ಪ ಹೊತ್ತು ಕೆರೆಯ ಕಡೆ ನೋಡಿದ. “ನಿನ್ನೆ ಮನೆಯ ಕ್ಯಾಲೆಂಡರ್ ನೋಡಿದೆ. ದಸರೆ, ದೀಪಾವಳಿಗಳ ಸಾಲಿನಲ್ಲಿಯೇ ಮಗಳು ಈ ಎರಡು ವಾರಗಳ ಮೇಲೆ ಕೆಂಪು ಸ್ಕೆಚ್ ಪೆನ್ನಿನಿಂದ ‘ಟೇಪರ್’ ಎಂದು ಬರೆದಿದ್ದಾಳೆ. ಮುಂದಿನ ವರ್ಷ ಇದು ಯಾವ ತಿಂಗಳಲ್ಲಿ ಬರುತ್ತದೆ ಎಂದು ಅವರ ಅಮ್ಮನನ್ನು ಕೇಳಿದಳಂತೆ.”

ಮಾಸ್ತರರ ಬಾಯಿಯಿಂದ ಏನಾದರೂ ಹೊರಡುತ್ತದೆಂದು ನಾವು ಕಾದೆವು. ಅವರು ಅಂಗಡಿಯವನ ಕಡೆಗೆ ತಿರುಗಿ, ಇನ್ನೆರಡು ಪ್ಲೇಟು ಗಿರಮಿಟ್ಟು, ಉಳ್ಳಾಗಡ್ಡಿ ಜಾಸ್ತಿ ಇರಲಿ, ಜೊತೆಗೆ ನಾಲ್ಕು ಮಿರ್ಚಿಯನ್ನು ಮನೆಗೆ ಕಟ್ಟಿಕೊಡು ಎಂದಷ್ಟೇ ಹೇಳಿದರು. ಕುಲಕರ್ಣಿ ಆ ಪೊಟ್ಟಣವನ್ನು ಹಿಂಡಲಿಲ್ಲ.